ಬೀಗ ಬಿಡಿಸುವ ಹವ್ಯಾಸ: ಹೊಸಬರು ಯಾವ ಬೀಗದಿಂದ ಆರಂಭಿಸಬೇಕು?

ಕೌಲ್‌ಬಜಾರ್ ನಿವಾಸಿ (ಬಳ್ಳಾರಿ):

ಮಾನ್ಯರೇ, ನಾನು ಬಳ್ಳಾರಿಯ ಜೀನ್ಸ್ ಉಡುಪು ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಅಜ್ಜನ ಕಾಲದ ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಕಳೆದುಹೋಗಿ, ರಸ್ತೆ ಬದಿಯಲ್ಲಿ ಕೂರುವ ಕೀಲಿಕೈ ಮಾಡುವವರೊಬ್ಬರನ್ನು ಮನೆಗೆ ಕರೆತಂದೆವು. ಅವರು ಬೀಗವನ್ನು ಒಡೆಯದೆ, ಎರಡು ತಂತಿಗಳಿಂದ ಹತ್ತು ನಿಮಿಷದಲ್ಲಿ ತೆರೆದದ್ದನ್ನು ಕಂಡಂದಿನಿಂದ ನನಗೆ ಇದೇ ಗುಂಗು ಹಿಡಿದಿದೆ. ಆನ್‌ಲೈನ್‌ನಲ್ಲಿ ಪಿಕ್‌ಗಳ (ಕೀಲಿಕೈಯಿಲ್ಲದೆ ಬೀಗ ತೆರೆಯಲು ಬಳಸುವ ತೆಳು ಉಕ್ಕಿನ ಕಡ್ಡಿಗಳ) ಒಂದು ಸೆಟ್ ತರಿಸಿ, ಬಜಾರಿನಲ್ಲಿ ‘7 ಲಿವರ್’ ಎಂದು ಅಚ್ಚೊತ್ತಿದ ಹೊಸ ಬೀಗವೊಂದನ್ನು ಕೊಂಡು, ವಿಡಿಯೋಗಳಲ್ಲಿ ತೋರಿಸಿದಂತೆಯೇ ಮೂರು ವಾರ ಪ್ರಯತ್ನಿಸಿದರೂ ಅದು ಕದಲಲಿಲ್ಲ. ನನ್ನ ಕೈಯಲ್ಲಿ ದೋಷವಿದೆಯೇ, ಅಥವಾ ವಿಧಾನದಲ್ಲಿಯೇ? ಇನ್ನೊಂದು ಮಾತು: ಇದು ಕನ್ನ ಹಾಕುವವರ ವಿದ್ಯೆ, ಪೊಲೀಸರು ಕಂಡರೆ ಗತಿಯೇನು ಎಂದು ನಮ್ಮ ತಾಯಿಯವರು ದಿನಕ್ಕೊಮ್ಮೆ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಹಿತ್ತಾಳೆ ಪಿನ್ (ರಾಯಚೂರು):

ದೋಷ ನಿಮ್ಮ ಕೈಯಲ್ಲಿಲ್ಲ, ಬೀಗದ ಆಯ್ಕೆಯಲ್ಲಿದೆ. ನೀವು ನೋಡಿರುವ ವಿಡಿಯೋಗಳು ಬಹುಮಟ್ಟಿಗೆ ಪಿನ್ ಟಂಬ್ಲರ್ ಬೀಗದ ಕುರಿತಾದವು. ನೀವು ಕೊಂಡದ್ದು ಲಿವರ್ ಬೀಗ. ಎರಡರ ಹೊಟ್ಟೆಯೂ ಬೇರೆ. (ನಮ್ಮ ಕಡೆ ಬೀಗಕ್ಕೇ ಕೀಲಿ ಎನ್ನುವುದರಿಂದ ಗೊಂದಲವಾಗದಿರಲೆಂದು ನಾನೂ ಇಲ್ಲಿ ಬೀಗ, ಕೀಲಿಕೈ ಎಂದೇ ಬರೆಯುತ್ತೇನೆ.)

ಲಿವರ್ ಬೀಗದಲ್ಲಿ ಚಪ್ಪಟೆ ತಗಡುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿಯೊಂದು ತಗಡನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಮಾತ್ರ ಅವುಗಳ ಕಿಂಡಿಗಳೆಲ್ಲ ಒಂದೇ ಸಾಲಿಗೆ ಬಂದು, ಬೋಲ್ಟ್, ಅಂದರೆ ಬೀಗವನ್ನು ಹಿಡಿದಿಡುವ ಅಗುಳಿ, ಸರಿಯಲು ದಾರಿಯಾಗುತ್ತದೆ. ಎತ್ತರ ಕಡಿಮೆಯಾದರೂ ಆಗದು, ಹೆಚ್ಚಾದರೂ ಆಗದು. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದದ್ದು ಈ ತತ್ತ್ವಕ್ಕೇ. ಇದನ್ನು ಬಿಡಿಸಲು ಒತ್ತಡವನ್ನು ನೇರವಾಗಿ ಬೋಲ್ಟಿನ ಮೇಲೆ ಹಾಕಬೇಕಾಗುತ್ತದೆ, ಅದಕ್ಕೆ ಬೇರೆಯೇ ಸಲಕರಣೆ ಬೇಕು. ನಿಮ್ಮ ಸೆಟ್ಟಿನ ತೆಳು ಪಿಕ್‌ಗಳಿಂದ ಅದು ಸಾಧ್ಯವಾಗದು. ನಿಮ್ಮ ಮನೆಗೆ ಬಂದವರ ಕೈಯಲ್ಲಿದ್ದ ಎರಡು ತಂತಿಗಳು ಬಹುಶಃ ಅಂಥವೇ.

ಆದ್ದರಿಂದ ಆ ಬೀಗವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಕೀಲಿಕೈಯ ಒಂದು ಅಂಚಿನಲ್ಲಿ ಗರಗಸದಂಥ ಏರಿಳಿತವೂ ಬದಿಗಳಲ್ಲಿ ಉದ್ದನೆಯ ಗೀರುಗಳೂ ಇರುವ ಅಗ್ಗದ ಹಿತ್ತಾಳೆ ಬೀಗವೊಂದನ್ನು ಕೊಳ್ಳಿರಿ. ಅದರೊಳಗೆ ಸಾಮಾನ್ಯವಾಗಿ ನಾಲ್ಕೈದು ಜೋಡಿ ಪಿನ್‌ಗಳಿದ್ದು, ಮೇಲಿನಿಂದ ಸ್ಪ್ರಿಂಗ್‌ಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಮೇಲಿನ ಪಿನ್ನೂ ಕೆಳಗಿನ ಪಿನ್ನೂ ಸಂಧಿಸುವ ಜಾಗವು, ಕೀಲಿಕೈ ತೂರಿಸಿದಾಗ ಅದರೊಂದಿಗೆ ತಿರುಗುವ ಕೊಳವೆಯ ಅಂಚಿಗೆ ಸರಿಯಾಗಿ ಬಂದಾಗ ಕೊಳವೆ ತಿರುಗುತ್ತದೆ. ಕೀಲಿಕೈ ಈ ಕೆಲಸವನ್ನು ಒಮ್ಮೆಗೇ ಮಾಡುತ್ತದೆ. ನಾವು ಒಂದೊಂದಾಗಿ ಮಾಡುತ್ತೇವೆ. ಒಂದೊಂದಾಗಿ ಮಾಡಲು ಸಾಧ್ಯವಾಗುವುದಾದರೂ ಏಕೆಂದರೆ, ಯಾವ ಕಾರ್ಖಾನೆಯೂ ಪಿನ್‌ಗಳು ಕೂರುವ ರಂಧ್ರಗಳನ್ನೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಗೆರೆಯಲ್ಲಿ ಕೊರೆಯಲಾರದು. ಟೆನ್ಷನ್ ರೆಂಚ್‌ನಿಂದ (ಕೀಲಿಕೈ ಕಿಂಡಿಗೆ ತೂರಿಸುವ ಬಾಗಿದ ಉಕ್ಕಿನ ಪಟ್ಟಿ) ಕೊಳವೆಯನ್ನು ಹಗುರವಾಗಿ ತಿರುಚಿದಾಗ ಯಾವುದೋ ಒಂದು ಪಿನ್ ಮಾತ್ರ ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಎತ್ತಿದರೆ ಸಣ್ಣದೊಂದು ‘ಟಿಕ್’ ಕೇಳುತ್ತದೆ, ಆ ಬಳಿಕ ಇನ್ನೊಂದು ಬಿಗಿಯುತ್ತದೆ. ಹೊಸಬರೆಲ್ಲರೂ ಮಾಡುವ ತಪ್ಪು ರೆಂಚನ್ನು ಜೋರಾಗಿ ಒತ್ತುವುದು. ಜ್ವರ ಬಂದ ಮಗುವಿನ ನಾಡಿ ಹಿಡಿದಷ್ಟು ಒತ್ತಡ ಸಾಕು.

ಪಾರದರ್ಶಕ ಪ್ಲಾಸ್ಟಿಕ್ ಬೀಗಗಳನ್ನು ಕೊಳ್ಳಬೇಡಿರೆಂದೇ ನನ್ನ ಸಲಹೆ. ಒಳಗಿನ ರಚನೆ ತಿಳಿಯಲು ಒಂದು ಸಂಜೆಗೆ ಅವು ಚೆನ್ನ, ಆದರೆ ಕಲಿಯಬೇಕಾದ ಬೆರಳಿನ ಕೆಲಸವನ್ನು ಅಲ್ಲಿ ಕಣ್ಣು ಕಸಿದುಕೊಳ್ಳುತ್ತದೆ.

ಗವಿಮಠ ರಸ್ತೆ ಕೀಲಿಕೈ ಅಂಗಡಿ (ಕೊಪ್ಪಳ):

ಹವ್ಯಾಸಿಗಳ ಬಗ್ಗೆ ನನಗೆ ತಕರಾರಿಲ್ಲವಾದರೂ, ಇಪ್ಪತ್ತು ವರ್ಷಗಳಿಂದ ಇದೇ ಕಸುಬಿನಲ್ಲಿರುವವನಾಗಿ ಎರಡು ಮಾತು ಹೇಳಬಯಸುತ್ತೇನೆ. ಬಳಕೆಯಲ್ಲಿರುವ ಬೀಗದ ಮೇಲೆ, ಅದು ನಿಮ್ಮದೇ ಮನೆಯ ಮುಂಬಾಗಿಲಿನದಾದರೂ, ಕೈ ಹಾಕಬೇಡಿರಿ. ಪಿಕ್‌ನ ಉಕ್ಕು ಹಿತ್ತಾಳೆಯ ಪಿನ್‌ಗಳನ್ನು ಸವೆಸುತ್ತದೆ; ಸ್ಪ್ರಿಂಗ್ ಬಾಗಿದರೆ ಕೀಲಿಕೈಯೂ ತಿರುಗದು. ಹೀಗೆ ಮಾಡಿಕೊಂಡು ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಬೇರೆಯವರ ಬೀಗವಾದರೆ ಅವರ ಸ್ಪಷ್ಟ ಒಪ್ಪಿಗೆ ಇರಬೇಕು. ನಾನು ಸಹ ಗುರುತಿನ ಚೀಟಿ ನೋಡದೆ, ಅಕ್ಕಪಕ್ಕದವರನ್ನು ವಿಚಾರಿಸದೆ ಯಾರ ಬಾಗಿಲನ್ನೂ ತೆರೆಯುವುದಿಲ್ಲ.

ತಾಯಿಯವರ ಭಯವನ್ನು ನಗೆಯಲ್ಲಿ ತೇಲಿಸಬೇಡಿರಿ. ಅತಿಕ್ರಮ ಪ್ರವೇಶಕ್ಕಾಗಿ ಬೀಗ ತೆರೆಯುವುದನ್ನು ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮು ಮನೆಗನ್ನವೆಂದೇ ಪರಿಗಣಿಸುತ್ತದೆ. ಸೂರ್ಯಾಸ್ತದ ಬಳಿಕ ಅನುಮಾನಾಸ್ಪದವಾಗಿ ಸಿಕ್ಕವರ ಮೇಲೆ ಕ್ರಮ ಜರುಗಿಸಲು ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿಯೂ ಅವಕಾಶವಿದೆ. ನಿಮ್ಮ ಮೇಜಿನ ಮೇಲೆ ನಿಮ್ಮ ಬೀಗವನ್ನು ಬಿಡಿಸುವುದು ಬೇರೆ, ಪಿಕ್‌ಗಳನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿ ಬೈಕಿನಲ್ಲಿ ತಿರುಗುವುದು ಬೇರೆ. ಸಲಕರಣೆಗಳು ಮನೆಯಲ್ಲಿಯೇ ಇರಲಿ.

ಅಂದ ಹಾಗೆ, ಬಳ್ಳಾರಿಯ ಕಡೆಯಿಂದ ಬರುವ ಬೀಗಗಳಲ್ಲಿ ಅದಿರಿನ ಕೆಂಪು ಧೂಳು ತುಂಬಿರುತ್ತದೆ. ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟರೆ ಧೂಳು ಅಂಟಿಕೊಂಡು ಕೆಸರಾಗುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿ ಉತ್ತಮ.

ಕೌಲ್‌ಬಜಾರ್ ನಿವಾಸಿ (ಬಳ್ಳಾರಿ):

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಸಣ್ಣ ಹಿತ್ತಾಳೆ ಬೀಗವೊಂದನ್ನು ತಂದು, ಸೆಟ್ಟಿನಲ್ಲಿದ್ದ ರೆಂಚ್ ಅಗಲವಾಗಿದ್ದುದರಿಂದ ಗುಜರಿ ಅಂಗಡಿಯಲ್ಲಿ ಸಿಕ್ಕ ಕಾರಿನ ವೈಪರ್ ಬ್ಲೇಡಿನ ಉಕ್ಕಿನ ಪಟ್ಟಿಯನ್ನು ಬಾಗಿಸಿಕೊಂಡೆ. ನಾಲ್ಕನೆಯ ರಾತ್ರಿ ಬೀಗ ತೆರೆಯಿತು. ಆದರೆ ಎರಡನೆಯ ಬೀಗ ವಿಚಿತ್ರವಾಗಿ ವರ್ತಿಸುತ್ತಿದೆ: ಕೊಳವೆ ತುಸು ತಿರುಗಿ ಅಲ್ಲಿಯೇ ನಿಲ್ಲುತ್ತದೆ, ಮುಂದಕ್ಕೂ ಹೋಗದು. ಕೆಟ್ಟಿದೆಯೇ?

ಹಿತ್ತಾಳೆ ಪಿನ್ (ರಾಯಚೂರು):

ಕೆಟ್ಟಿಲ್ಲ, ನಿಮ್ಮನ್ನು ಮೋಸಗೊಳಿಸುತ್ತಿದೆ. ಅದರಲ್ಲಿ ಡಮರುವಿನಂತೆ ನಡು ಸಣ್ಣಗಿರುವ ಸ್ಪೂಲ್ ಪಿನ್ ಇರಬೇಕು. ಆ ನಡುವಿನಲ್ಲಿ ಕೊಳವೆಯ ಅಂಚು ಸಿಕ್ಕಿಕೊಂಡು, ಎಲ್ಲ ಪಿನ್‌ಗಳೂ ಕುಳಿತವೆಂಬ ಭ್ರಮೆ ಹುಟ್ಟಿಸುತ್ತದೆ. ಆ ಸ್ಥಿತಿಯಲ್ಲಿ ಒಂದೊಂದೇ ಪಿನ್ನನ್ನು ಮೆಲ್ಲಗೆ ಒತ್ತಿ ನೋಡಿರಿ. ಯಾವುದನ್ನು ಒತ್ತಿದಾಗ ಕೊಳವೆ ಹಿಮ್ಮುಖವಾಗಿ ತಿರುಗಲು ಹವಣಿಸುತ್ತದೆಯೋ ಅದೇ ಸ್ಪೂಲ್. ರೆಂಚನ್ನು ಪೂರ್ತಿ ಬಿಡದೆ ಸ್ವಲ್ಪ ಸಡಿಲಿಸಿ, ಹಿಮ್ಮುಖವಾಗಿ ಸರಿಯಲು ಬಿಟ್ಟು, ಪಿನ್ನನ್ನು ಎತ್ತಿರಿ. ಈ ನಡುವೆ ಬೇರೆ ಪಿನ್‌ಗಳು ಬಿದ್ದರೆ ಅವನ್ನು ಮತ್ತೆ ಕೂರಿಸಬೇಕಾಗುತ್ತದೆ.

ತಾಳ್ಮೆಯ ವಿಚಾರಕ್ಕೆ ಒಂದು ಸಂಗತಿ: ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಬಿಡಿಸಿದವರಿಗೆ 200 ಗಿನಿಗಳ (ಇಂಗ್ಲೆಂಡಿನ ಹಳೆಯ ಹಣ) ಬಹುಮಾನವನ್ನು ಘೋಷಿಸಿತ್ತು. 1851ರಲ್ಲಿ ಅಮೆರಿಕದ ಎ. ಸಿ. ಹಾಬ್ಸ್ ಅದನ್ನು ತೆರೆದರು. ಹದಿನಾರು ದಿನಗಳಲ್ಲಿ ಹರಡಿದ ಸುಮಾರು 51 ಗಂಟೆಗಳ ಕೆಲಸ ಅದಾಗಿತ್ತು. ನೀವಿನ್ನೂ ನಾಲ್ಕು ರಾತ್ರಿ ಕಳೆದಿದ್ದೀರಿ. ಸ್ಪೂಲ್ ಇರುವ ಬೀಗ ತೆರೆದ ಮೇಲೆ ಆ 7 ಲಿವರ್‌ನದನ್ನು ಎಸೆಯದೆ ಇಟ್ಟುಕೊಂಡಿದ್ದರೆ ತಿಳಿಸಿರಿ, ಅದಕ್ಕೆ ಬೇಕಾದ ಸಲಕರಣೆಯ ಬಗ್ಗೆ ಬರೆಯುತ್ತೇನೆ.