ವೇಗದ ಅಫೆನ್ಸ್ ಎದುರು ಆಟಗಾರರ ಬದಲಾವಣೆ: ಅಂಪೈರ್ ಚೆಂಡಿನ ಮೇಲೆ ನಿಲ್ಲುವುದು ಯಾವಾಗ, ಎಷ್ಟು ಹೊತ್ತು?

ಪ್ರಶ್ನೆ

ಮಗಳು ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದಕ್ಕೆ ಸೇರಿದ ಮೇಲೆ ಶನಿವಾರದ ಕಾಲೇಜು ಫುಟ್‌ಬಾಲ್ ನಮ್ಮ ಮನೆಯ ರೂಢಿಯಾಗಿದೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕೇಳುತ್ತಿದ್ದೇನೆ. ಮೂಲ ನಿಯಮಗಳು ತಕ್ಕಮಟ್ಟಿಗೆ ಅರ್ಥವಾಗಿವೆ, ಆದರೆ ಕಳೆದ ವಾರ ಕ್ರೀಡಾಂಗಣದಲ್ಲಿ ಕಂಡ ಒಂದು ಸಂಗತಿ ಬಗೆಹರಿಯದೆ ಉಳಿದಿದೆ.

ನಮ್ಮ ತಂಡವು ಹಡಲ್ (ಮುಂದಿನ ನಡೆ ನಿರ್ಧರಿಸಲು ಆಟಗಾರರು ಗುಂಪುಗೂಡುವುದು) ಮಾಡದೆ, ಒಂದು ಪ್ಲೇ (ಆಟದ ಒಂದು ಯತ್ನ) ಮುಗಿದ ಕೂಡಲೇ ಸಾಲುಗಟ್ಟಿ, ಎದುರಾಳಿಗಳು ಸುಧಾರಿಸಿಕೊಳ್ಳುವ ಮುನ್ನವೇ ಮುಂದಿನದನ್ನು ಆರಂಭಿಸುತ್ತದೆ. ಮೊದಲ ಕ್ವಾರ್ಟರ್‌ನಲ್ಲಿ ಹೀಗೆ ಸತತವಾಗಿ ನಾಲ್ಕೈದು ಪ್ಲೇಗಳು ನಡೆದವು. ಡಿಫೆನ್ಸ್‌ನ, ಅಂದರೆ ತಡೆಯುವ ಕಡೆಯ, ಭಾರೀ ಆಟಗಾರರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರೂ ಅವರನ್ನು ಬದಲಿಸಲು ಆ ತಂಡಕ್ಕೆ ಬಿಡುವೇ ಸಿಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ನಮ್ಮ ತಂಡ ಅಷ್ಟೇ ವೇಗವಾಗಿ ಸಾಲುಗಟ್ಟಿದಾಗ ಮಾತ್ರ ಅಧಿಕಾರಿಯೊಬ್ಬರು ಬಂದು ಚೆಂಡಿನ ಮೇಲೆಯೇ ನಿಂತುಬಿಟ್ಟರು. ಸೆಂಟರ್ ಎಂಬ ಆಟಗಾರ ಸ್ನ್ಯಾಪ್ ಮಾಡಲಾಗದೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಆರಂಭಿಸಲಾಗದೆ) ಕಾದು ನಿಂತ, ಡಿಫೆನ್ಸ್ ಮೂವರನ್ನು ಬದಲಿಸಿಕೊಂಡಿತು, ಸುತ್ತಲಿನ ಜನ ಕೂಗಾಡಿದರು. ಒಮ್ಮೆ ಬಿಡುವುದು, ಇನ್ನೊಮ್ಮೆ ತಡೆಯುವುದು ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದೇ? ನಿಯಮವಿದ್ದರೆ ಇಷ್ಟು ಸೆಕೆಂಡು ಎಂಬ ಲೆಕ್ಕವೂ ಇರಬೇಕಲ್ಲವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಾನು ಇದೇ ರಾಜ್ಯದಲ್ಲಿ ಶುಕ್ರವಾರದ ರಾತ್ರಿಗಳಂದು ಹೈಸ್ಕೂಲ್ ಪಂದ್ಯಗಳಲ್ಲಿ ಅಂಪೈರ್ ಆಗಿ ಕೆಲಸ ಮಾಡುತ್ತೇನೆ. ಟೆಕ್ಸಾಸ್‌ನ ಸಾರ್ವಜನಿಕ ಶಾಲೆಗಳ ಪಂದ್ಯಗಳು ಕೆಲವು ಮಾರ್ಪಾಡುಗಳೊಂದಿಗೆ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಿಯಮಾವಳಿಯಂತೆಯೇ ನಡೆಯುವುದರಿಂದ, ನೀವು ಕೇಳಿರುವುದು ನಾನು ಪ್ರತಿ ವಾರವೂ ಮಾಡುವ ಕೆಲಸದ ಬಗ್ಗೆಯೇ.

ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದಲ್ಲ. ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಅಫೆನ್ಸ್, ಅಂದರೆ ಚೆಂಡು ಹೊಂದಿರುವ ಕಡೆ, ತನ್ನ ಆಟಗಾರರನ್ನು ಬದಲಿಸಿತೇ, ಇಲ್ಲವೇ? ಅದೇ ಹನ್ನೊಂದು ಮಂದಿಯನ್ನು ಉಳಿಸಿಕೊಂಡು ಓಡಿ ಬಂದು ಸಾಲುಗಟ್ಟಿದರೆ ಅದು ಎಷ್ಟು ಬೇಗ ಬೇಕಾದರೂ ಸ್ನ್ಯಾಪ್ ಮಾಡಬಹುದು. ಆಗ ಡಿಫೆನ್ಸ್ ಆಟಗಾರರನ್ನು ಬದಲಿಸುವುದು ತನ್ನದೇ ಹೊಣೆಯ ಮೇಲೆ. ಆದರೆ ಅಫೆನ್ಸ್ ಒಬ್ಬನೇ ಒಬ್ಬ ಹೊಸ ಆಟಗಾರನನ್ನು ಒಳಗೆ ಕಳುಹಿಸಿದರೂ, ಡಿಫೆನ್ಸ್‌ಗೆ ಅದಕ್ಕೆ ತಕ್ಕಂತೆ ತನ್ನವರನ್ನು ಬದಲಿಸಿಕೊಳ್ಳುವ ಅವಕಾಶ ಸಿಗುವವರೆಗೆ ಸ್ನ್ಯಾಪ್ ಆಗಲು ನಾವು ಬಿಡುವಂತಿಲ್ಲ. ಬದಲಾವಣೆ ಮಾಡುತ್ತಲೇ, ಅಥವಾ ಮಾಡುವಂತೆ ನಟಿಸುತ್ತಲೇ, ಎದುರಾಳಿಯನ್ನು ಇಕ್ಕಟ್ಟಿಗೆ ಸಿಲುಕಿಸುವ ಉದ್ದೇಶದಿಂದ ಸಾಲಿಗೆ ಧಾವಿಸುವುದನ್ನು ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ. ನೀವು ಮೊದಲು ಕಂಡ ಪ್ಲೇಗಳಲ್ಲಿ ನಿಮ್ಮ ತಂಡ ಯಾರನ್ನೂ ಬದಲಿಸಿರಲಿಕ್ಕಿಲ್ಲ. ನಂತರದ್ದರಲ್ಲಿ ಬಹುಶಃ ರಿಸೀವರ್ ಒಬ್ಬ ಹೊರಹೋಗಿ ಟೈಟ್ ಎಂಡ್ ಒಬ್ಬ ಒಳಬಂದಿರಬೇಕು, ಮೇಲಿನ ಗ್ಯಾಲರಿಯಿಂದ ಅದು ಗಮನಕ್ಕೆ ಬರುವುದು ಕಷ್ಟ.

ಕ್ರಿಕೆಟ್‌ನಲ್ಲಿ ಬ್ಯಾಟರ್ ಸಿದ್ಧನಾಗುವ ಮುನ್ನ ಬೌಲರ್ ಚೆಂಡೆಸೆದರೆ ಅಂಪೈರ್ ಅದನ್ನು ಡೆಡ್ ಬಾಲ್ ಎನ್ನುವುದು ನಮ್ಮವರಿಗೆಲ್ಲ ಗೊತ್ತು. ಇಲ್ಲಿಯದು ಹಾಗಲ್ಲ, ಸಿದ್ಧವಾಗಿಲ್ಲದಿರುವುದು ಡಿಫೆನ್ಸ್‌ನ ಪಾಡು. ಅಫೆನ್ಸ್ ತಾನೇ ಪಡೆದುಕೊಂಡ ಅನುಕೂಲವನ್ನು ಎದುರಾಳಿಗೂ ಒದಗಿಸುವುದಷ್ಟೇ ನಮ್ಮ ಕರ್ತವ್ಯ.

ಮೈದಾನದಲ್ಲಿ ಇದು ನಡೆಯುವ ಕ್ರಮ ಹೀಗಿದೆ. ಬದಿಗೆರೆಯ ಅಧಿಕಾರಿಗಳು ಮತ್ತು ಮುಖ್ಯ ಅಧಿಕಾರಿಯಾದ ರೆಫರಿ ಅಫೆನ್ಸ್‌ನ ಬದಲಾವಣೆಯನ್ನು ಗುರುತಿಸುತ್ತಾರೆ. ರೆಫರಿ ಎರಡೂ ತೋಳುಗಳನ್ನು ಅಡ್ಡಲಾಗಿ ಚಾಚಿ ನಿಲ್ಲುತ್ತಾರೆ. ಅಂಪೈರ್ ಅಥವಾ ಎಂಟು ಅಧಿಕಾರಿಗಳ ತಂಡವಿದ್ದರೆ ಸೆಂಟರ್ ಜಡ್ಜ್ ಚೆಂಡಿನ ಮೇಲೆ ನಿಲ್ಲುತ್ತಾರೆ. ಡಿಫೆನ್ಸ್‌ನ ಹೊಸಬರು ಒಳಬಂದು ಹಳಬರು ಹೊರಹೋದ ಮೇಲೆ ರೆಫರಿ ತೋಳುಗಳನ್ನು ಇಳಿಸುತ್ತಾರೆ, ಚೆಂಡಿನ ಬಳಿ ನಿಂತವರು ಹಿಂದೆ ಸರಿಯುತ್ತಾರೆ.

ಇನ್ನು ಸೆಕೆಂಡುಗಳ ಲೆಕ್ಕ. ಈ ಕಾಯುವಿಕೆಗೆ ನಿಯಮವು ಯಾವ ಸಂಖ್ಯೆಯನ್ನೂ ಕೊಡುವುದಿಲ್ಲ. ಡಿಫೆನ್ಸ್ ತಡಮಾಡದೆ ಸ್ಪಂದಿಸಬೇಕು ಎಂದಷ್ಟೇ ಹೇಳುತ್ತದೆ, ಬೇಕೆಂದೇ ಕಾಲಹರಣ ಮಾಡಿದರೆ ಅದರ ಮೇಲೆಯೇ ಐದು ಯಾರ್ಡ್‌ಗಳ ದಂಡ ಬೀಳಬಹುದು. ತಡಮಾಡದೆ ಎಂದರೆ ಎಷ್ಟು ಎಂಬುದನ್ನು ನಿರ್ಣಯಿಸುವುದೇ ಈ ಕೆಲಸದ ಕಠಿಣ ಭಾಗ. ಒಮ್ಮೆ ಅಫೆನ್ಸ್‌ನ ಕೋಚ್ ಬದಿಗೆರೆಯಿಂದ ಕೂಗುತ್ತಿದ್ದ ಒತ್ತಡದಲ್ಲಿ ನಾನು ಚೆಂಡನ್ನು ಬಿಟ್ಟು ಎರಡು ಹೆಜ್ಜೆ ಬೇಗನೆ ಸರಿದುಬಿಟ್ಟೆ. ಹೊರಗೆ ಓಡುತ್ತಿದ್ದ ಡಿಫೆನ್ಸ್‌ನ ಹುಡುಗ ಗೆರೆಯಿಂದ ಇನ್ನೂ ನಾಲ್ಕೈದು ಹೆಜ್ಜೆ ಒಳಗಿದ್ದಾಗಲೇ ಸ್ನ್ಯಾಪ್ ಆಯಿತು, ಹನ್ನೆರಡನೆಯ ಆಟಗಾರನಿದ್ದಾನೆಂದು ದಂಡದ ಧ್ವಜ ಬಿತ್ತು, ಆ ಐದು ಯಾರ್ಡ್‌ಗಳಿಂದ ಎದುರು ತಂಡಕ್ಕೆ ಹೊಸ ಫಸ್ಟ್ ಡೌನ್ (ಹತ್ತು ಯಾರ್ಡ್ ಸಾಗಲು ಹೊಸದಾಗಿ ನಾಲ್ಕು ಯತ್ನಗಳು) ದಕ್ಕಿತು. ಮರುದಿನ ವಿಡಿಯೋ ನೋಡಿದಾಗ ನನ್ನ ಆತುರಕ್ಕೆ ಆ ಹುಡುಗ ದಂಡ ತೆತ್ತದ್ದು ಸ್ಪಷ್ಟವಾಗಿ ಕಂಡಿತು. ಅಂದಿನಿಂದ ನಾನು ಕೋಚ್‌ಗಳ ಕೂಗಿಗೆ ಕಿವಿಗೊಡದೆ ರೆಫರಿಯ ತೋಳುಗಳನ್ನಷ್ಟೇ ನೋಡುತ್ತೇನೆ.

ಎರಡನೆಯ ಉತ್ತರ

ಮೇಲಿನ ವಿವರಣೆಗೆ ಸ್ವಲ್ಪ ಹಿನ್ನೆಲೆಯನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಈ ಜಗಳ ಇಂದು ನಿನ್ನೆಯದಲ್ಲ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 1988ರ ಋತುವಿನಲ್ಲಿ ಸ್ಯಾಮ್ ವೈಶ್ ಕೋಚ್ ಆಗಿದ್ದ ಸಿನ್ಸಿನಾಟಿ ಬೆಂಗಾಲ್ಸ್ ತಂಡವು ಹಡಲ್ ಇಲ್ಲದ ಆಟವನ್ನೇ ತನ್ನ ಮುಖ್ಯ ಅಸ್ತ್ರವನ್ನಾಗಿಸಿಕೊಂಡಿತ್ತು. 1989ರ ಜನವರಿಯಲ್ಲಿ ಬಫಲೋ ಬಿಲ್ಸ್ ವಿರುದ್ಧದ ಎಎಫ್‌ಸಿ ಚಾಂಪಿಯನ್‌ಶಿಪ್ ಪಂದ್ಯ (ಸೂಪರ್ ಬೌಲ್ ಎಂಬ ಫೈನಲ್‌ಗೆ ಮುಂಚಿನದು) ಆರಂಭವಾಗಲು ಕೆಲವೇ ಗಂಟೆಗಳಿದ್ದಾಗ, ಎದುರಾಳಿಯನ್ನು ಬದಲಾವಣೆಯ ನಡುವೆ ಸಿಲುಕಿಸುವಂತೆ ಸ್ನ್ಯಾಪ್ ಮಾಡಿದರೆ ದಂಡ ವಿಧಿಸಲಾಗುವುದೆಂದು ಲೀಗ್ ಎಚ್ಚರಿಸಿತು. ಬೆಂಗಾಲ್ಸ್ 21-10ರಿಂದ ಗೆದ್ದರು. ಮುಂದೆ ಅದೇ ಬಿಲ್ಸ್ ತಂಡವು ಜಿಮ್ ಕೆಲ್ಲಿಯ ನೇತೃತ್ವದಲ್ಲಿ ಹಡಲ್ ಇಲ್ಲದ ಆಟದಿಂದಲೇ ಸತತ ನಾಲ್ಕು ಸೂಪರ್ ಬೌಲ್‌ಗಳನ್ನು ತಲುಪಿತು.

ಕಾಲೇಜು ಆಟದಲ್ಲಿ ದೊಡ್ಡ ತಿರುವು ಬಂದದ್ದು ನನ್ನ ದೃಷ್ಟಿಯಲ್ಲಿ 2008ರಲ್ಲಿ, ಯಾವ ಕೋಚ್‌ನಿಂದಲೂ ಅಲ್ಲ, ಗಡಿಯಾರದಿಂದ. ಅದಕ್ಕೆ ಮುಂಚೆ ಅಧಿಕಾರಿಗಳು ಚೆಂಡನ್ನು ಇಟ್ಟು ಸೀಟಿ ಊದಿದ ಮೇಲೆ, ಸ್ನ್ಯಾಪ್ ಮಾಡಲು ಇರುವ 25 ಸೆಕೆಂಡುಗಳ ಎಣಿಕೆ ಆರಂಭವಾಗುತ್ತಿತ್ತು, ಆಟದ ಲಯ ಅವರ ಕೈಯಲ್ಲಿತ್ತು. 2008ರಿಂದ ಪ್ಲೇ ಮುಗಿದ ಕ್ಷಣದಿಂದಲೇ 40 ಸೆಕೆಂಡುಗಳ ಗಡಿಯಾರ ಓಡುತ್ತದೆ. ಸಾಮಾನ್ಯ ಪ್ಲೇಗಳ ನಂತರ ಚೆಂಡನ್ನು ಇಟ್ಟು ಅಧಿಕಾರಿ ಸರಿದರೆ ಸಾಕು, ಸ್ನ್ಯಾಪ್ ಮಾಡಬಹುದು. ಕೋಚ್ ಚಿಪ್ ಕೆಲ್ಲಿಯ ಓರೆಗಾನ್‌ನಂತಹ ತಂಡಗಳು ಈ ಸಂದನ್ನು ಪೂರ್ಣವಾಗಿ ಬಳಸಿಕೊಂಡವು. ಚೆಂಡನ್ನು ಇಟ್ಟು ತನ್ನ ಜಾಗಕ್ಕೆ ಮರಳಲು ಅಂಪೈರ್‌ಗೇ ಸಮಯ ಸಾಲದಂತಾಯಿತು. 2013ರಲ್ಲಿ ಬಿಗ್ 12 ಕಾನ್ಫರೆನ್ಸ್ (ಕಾಲೇಜು ತಂಡಗಳ ಒಂದು ಒಕ್ಕೂಟ) ಪ್ರಯೋಗಾರ್ಥವಾಗಿ ಎಂಟನೆಯ ಅಧಿಕಾರಿಯನ್ನು ಮೈದಾನಕ್ಕೆ ಇಳಿಸಿತು. ಇಂದು ಸೆಂಟರ್ ಜಡ್ಜ್ ಎನ್ನುವುದು ಆ ಹುದ್ದೆಯನ್ನೇ.

2014ರ ಫೆಬ್ರುವರಿಯಲ್ಲಿ ಎನ್‌ಸಿಎಎ ನಿಯಮ ಸಮಿತಿಯು ಇನ್ನೂ ಮುಂದೆ ಹೋಗಿ, ಪ್ರತಿ ಅರ್ಧದ ಕೊನೆಯ ಎರಡು ನಿಮಿಷಗಳನ್ನು ಬಿಟ್ಟು ಉಳಿದೆಲ್ಲ ಸಮಯದಲ್ಲಿ, ಗಡಿಯಾರದ ಮೊದಲ 10 ಸೆಕೆಂಡುಗಳಲ್ಲಿ ಡಿಫೆನ್ಸ್‌ಗೆ ಬದಲಾವಣೆಯ ಅವಕಾಶ ಇರಲೇಬೇಕು, ಅದಕ್ಕೆ ಮುಂಚೆ ಸ್ನ್ಯಾಪ್ ಮಾಡಿದರೆ ಐದು ಯಾರ್ಡ್‌ಗಳ ದಂಡ ಎಂದು ಪ್ರಸ್ತಾಪಿಸಿತು. ಆಟಗಾರರ ಸುರಕ್ಷತೆ ಅದಕ್ಕೆ ಕೊಟ್ಟ ಕಾರಣ. ಕೋಚ್‌ಗಳ ಪೈಕಿ ಅಲಬಾಮಾದ ನಿಕ್ ಸೇಬನ್, ಅರ್ಕಾನ್ಸಾದ ಬ್ರೆಟ್ ಬೀಲೆಮಾ ಬೆಂಬಲಿಸಿದರು. ಆಬರ್ನ್‌ನ ಗಸ್ ಮಲ್ಜಾನ್, ಅರಿಜೋನಾದ ರಿಚ್ ರಾಡ್ರಿಗೆಜ್ ಮೊದಲಾದವರು ಸುರಕ್ಷತೆಯ ವಾದಕ್ಕೆ ಆಧಾರವೇನು ಎಂದು ಬಲವಾಗಿ ವಿರೋಧಿಸಿದರು. ಮಾರ್ಚ್‌ನಲ್ಲಿ ಪ್ರಸ್ತಾಪವನ್ನು ಬದಿಗಿಡಲಾಯಿತು. ಅದು ಬಿದ್ದುಹೋದದ್ದೇ ಸರಿ ಎಂದು ನಾನು ಭಾವಿಸುತ್ತೇನೆ. ದಣಿದ ಎದುರಾಳಿಯನ್ನು ದಣಿದಂತೆಯೇ ಇರಿಸಲು ಅಫೆನ್ಸ್ ತಾನೂ ಅದೇ ಹನ್ನೊಂದು ಮಂದಿಯನ್ನು ದುಡಿಸುತ್ತಿರುತ್ತದೆ. ಆ ಬೆಲೆಯನ್ನು ತೆತ್ತವರಿಂದ ಅದರ ಫಲವನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಅನುಮಾನ ಉಳಿದಿದೆ. ಅಂಪೈರ್ ಚೆಂಡಿನ ಮೇಲೆ ನಿಂತಿರುವಾಗಲೇ 40 ಸೆಕೆಂಡುಗಳು ಮುಗಿದುಹೋದರೆ ಯಾರ ತಪ್ಪು? ಅಧಿಕಾರಿಯೇ ತಡೆದು ನಿಲ್ಲಿಸಿದ್ದರಿಂದ ಅಫೆನ್ಸ್‌ಗೆ ದಂಡ ವಿಧಿಸುವುದು ಅನ್ಯಾಯವೆನಿಸುತ್ತದೆ.

ಮೊದಲ ಉತ್ತರ ಬರೆದವರಿಂದ

ಕೇಳಿದಾಗ ಅನ್ಯಾಯವೆನಿಸುತ್ತದೆ, ಆದರೂ ದಂಡ ಸಾಮಾನ್ಯವಾಗಿ ಅಫೆನ್ಸ್‌ಗೇ. ಗಡಿಯಾರದಲ್ಲಿ ಹತ್ತು ಹನ್ನೆರಡು ಸೆಕೆಂಡುಗಳಷ್ಟೇ ಉಳಿದಿರುವಾಗ ಅದು ಹೊಸಬರನ್ನು ಕಳುಹಿಸಿದರೆ, ಡಿಫೆನ್ಸ್ ಸಮಂಜಸವಾದ ಅವಧಿಯಲ್ಲಿ ತನ್ನವರನ್ನು ಬದಲಿಸಿಕೊಂಡಿರುವಾಗ, ಸಮಯ ಮೀರಿದ್ದಕ್ಕೆ ತಡವಾಗಿ ನಿರ್ಧರಿಸಿದವರೇ ಹೊಣೆ. ನಾನು ಕಂಡಂತೆ ಕೋಚ್‌ಗಳು ಅತಿ ಹೆಚ್ಚು ಸಿಟ್ಟಾಗುವುದು ಇದಕ್ಕೇ. ಪಂದ್ಯಕ್ಕೆ ಮುಂಚಿನ ಭೇಟಿಯಲ್ಲೇ ನಮ್ಮ ರೆಫರಿ ಇಬ್ಬರೂ ಕೋಚ್‌ಗಳಿಗೆ ಇದನ್ನು ಬಿಡಿಸಿ ಹೇಳಿಬಿಡುತ್ತಾರೆ.

ಮೂರನೆಯ ಉತ್ತರ

ಹನ್ನೆರಡನೆಯ ಆಟಗಾರನ ಮಾತು ಬಂದದ್ದರಿಂದ ಒಂದು ಘಟನೆಯನ್ನು ನೆನಪಿಸುತ್ತೇನೆ. 2024ರ ಅಕ್ಟೋಬರ್ 12ರಂದು ಓರೆಗಾನ್ ಮತ್ತು ಓಹಾಯೋ ಸ್ಟೇಟ್ ನಡುವಿನ ಪಂದ್ಯದಲ್ಲಿ 10 ಸೆಕೆಂಡುಗಳು ಉಳಿದಿದ್ದಾಗ ಓರೆಗಾನ್‌ನ ಡಿಫೆನ್ಸ್‌ನಲ್ಲಿ ಹನ್ನೆರಡು ಮಂದಿಯಿದ್ದರು. ದಂಡ ಐದೇ ಯಾರ್ಡ್, ಆದರೆ ಆ ಪ್ಲೇಯಲ್ಲಿ ನಾಲ್ಕು ಸೆಕೆಂಡುಗಳು ಕರಗಿ ಆರು ಮಾತ್ರ ಉಳಿದವು, ಓರೆಗಾನ್ 32-31ರಿಂದ ಗೆದ್ದಿತು. ಕೆಲವೇ ದಿನಗಳಲ್ಲಿ ಎನ್‌ಸಿಎಎ, ಅರ್ಧದ ಕೊನೆಯ ಎರಡು ನಿಮಿಷಗಳಲ್ಲಿ ಹೀಗಾದರೆ ಗಡಿಯಾರವನ್ನು ಹಿಂದಕ್ಕೆ ಇಡಿಸಿಕೊಳ್ಳುವ ಆಯ್ಕೆ ಅಫೆನ್ಸ್‌ಗೆ ಇರುತ್ತದೆಂದು ವಿವರಣೆ ನೀಡಿತು.

ನನಗೆ ಇದಕ್ಕಿಂತಲೂ ಹೆಚ್ಚು ಬೇಸರ ತರುತ್ತಿದ್ದದ್ದು ಸುಳ್ಳು ಗಾಯದ ಪದ್ಧತಿ. ಬದಲಾವಣೆಗೆ ಅವಕಾಶ ಸಿಗದ ಡಿಫೆನ್ಸ್ ತಂಡಗಳು, ಎದುರಾಳಿ ಸಾಲುಗಟ್ಟುತ್ತಿದ್ದಂತೆ ಯಾರಾದರೊಬ್ಬನನ್ನು ನೆಲಕ್ಕೆ ಬೀಳಿಸಿ ಆಟ ನಿಲ್ಲಿಸಿಕೊಳ್ಳುತ್ತಿದ್ದವು, ಮತ್ತು ನಿಜವಾದ ಗಾಯವೋ ಅಲ್ಲವೋ ಎಂದು ಅಧಿಕಾರಿಗಳು ನಿರ್ಣಯಿಸುವಂತಿರಲಿಲ್ಲ, ನಿರ್ಣಯಿಸಲೂಬಾರದು. 2025ರಿಂದ, ಮುಂದಿನ ಪ್ಲೇಗಾಗಿ ಚೆಂಡನ್ನು ಇಟ್ಟಾದ ಮೇಲೆ ಆಟಗಾರ ನೆಲಕ್ಕೆ ಬಿದ್ದು ಆಟ ನಿಂತರೆ ಆ ತಂಡದ ಒಂದು ಟೈಮ್‌ಔಟ್ ಖರ್ಚಾಗುತ್ತದೆ. ಟೈಮ್‌ಔಟ್ ಉಳಿದಿಲ್ಲದಿದ್ದರೆ ಐದು ಯಾರ್ಡ್. ಹಾಗಾಗಿ ಮುಂದಿನ ಶನಿವಾರ ನಿಮ್ಮ ತಂಡ ಯಾರನ್ನೂ ಬದಲಿಸದೆ ಓಡತೊಡಗಿದಾಗ, ಎದುರಿನ ಬದಿಗೆರೆಯಲ್ಲಿ ಕೋಚ್ ಎಷ್ಟು ಬೇಗ ಟೈಮ್‌ಔಟ್ ಕೇಳುತ್ತಾರೆಂಬುದನ್ನೂ ಗಮನಿಸಿ.