ದುಬಾರಿ ಪೆಟ್ರೋಲ್ ಹಾಕಿಸಿದರೆ ಎಂಜಿನ್ ಸುಧಾರಿಸುತ್ತದೆಯೇ?

ಪ್ರಶ್ನೆ: ಬೇರೊಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಮೇಲೆ ನನ್ನ ಕಾರು ಏರು ರಸ್ತೆಯಲ್ಲಿ ಕಟಕಟ ಸದ್ದು ಮಾಡುತ್ತಿದೆ. ಪಿಕಪ್ ಮತ್ತು ಮೈಲೇಜ್ ಎರಡೂ ಕುಂದಿವೆ. ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲ್‌ನಿಂದ ಇದು ಸರಿಹೋಗುವುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ತಾವು ಹೇಳುತ್ತಿರುವುದು ಬಹುಶಃ ನಾಕಿಂಗ್. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಅಂಚಿನಲ್ಲಿ ಉಳಿದ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ತಾನಾಗಿಯೇ ಸಿಡಿದಾಗ ಈ ಸದ್ದು ಬರುತ್ತದೆ. ಹಾಗೆ ಸಿಡಿಯದಂತೆ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಆಕ್ಟೇನ್ ಸಂಖ್ಯೆ ಹೇಳುತ್ತದೆ; ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಇಂಧನದ ಕಸುವು ಹೆಚ್ಚುವುದಿಲ್ಲ. ನನ್ನ ಕಾರಿನ ಕೈಪಿಡಿ 91 ಸಾಕೆನ್ನುತ್ತದೆ. ಬಹುಕಾಲ 95 ಹಾಕಿಸಿ ನೋಡಿದರೂ ಪಿಕಪ್‌ನಲ್ಲಾಗಲಿ ಮೈಲೇಜ್‌ನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 95 ಬೇಡುವ ನನ್ನ ಅಣ್ಣನ ಟರ್ಬೊ ಕಾರಿಗೆ 91 ಹಾಕಿಸಿದಾಗ ಸದ್ದೇನೂ ಬರಲಿಲ್ಲವಾದರೂ, ಬಿಸಿಲಿನಲ್ಲಿ ಏರು ಹತ್ತುವಾಗ ಎಂಜಿನ್ ಸ್ಪಷ್ಟವಾಗಿ ಸೊರಗುತ್ತಿತ್ತು. ನಾಕಿಂಗನ್ನು ಗುರುತಿಸುವ ನಾಕ್ ಸೆನ್ಸರ್‌ನ ಸೂಚನೆಯಂತೆ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡಿ ಎಂಜಿನ್ನನ್ನು ಕಾಪಾಡುತ್ತದೆ. ಅದಕ್ಕೆ ತೆರುವ ಬೆಲೆಯೇ ಈ ಸೊರಗು. ಆದ್ದರಿಂದ ಸದ್ದಿಲ್ಲವೆಂದ ಮಾತ್ರಕ್ಕೆ ಪೆಟ್ರೋಲ್ ಹೊಂದಿಕೊಂಡಿದೆ ಎಂದು ತಿಳಿಯಬಾರದು. ಸದ್ಯಕ್ಕೆ ಏರಿನಲ್ಲಿ ಗೇರ್ ಇಳಿಸಿ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ.

ಉತ್ತರ 2: ಮೈಲೇಜ್ ಬಗ್ಗೆ ಮಾತ್ರ ಹೇಳುತ್ತೇನೆ. ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಎಂಬ ಆಲ್ಕೋಹಾಲ್‌ನ ಒಂದು ಲೀಟರಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಶೇಕಡಾ 10ರಷ್ಟು ಎಥನಾಲ್ ಬೆರೆತರೆ ಮೈಲೇಜ್ ಶೇಕಡಾ 3ರಷ್ಟು ಇಳಿಯುವುದು ಸಹಜ, ಅದನ್ನು ಕಲಬೆರಕೆ ಎನ್ನಲಾಗದು. ನೀರು ಸೇರಿದರೆ ಮಾತ್ರ ವಿಷಯ ಗಂಭೀರ. ಬಹಳ ದಿನ ನಿಂತಿದ್ದ ನಮ್ಮ ಕಾರು ಸ್ಟಾರ್ಟ್ ಆದರೂ ಎಳೆದೆಳೆದು ನಿಂತುಬಿಡುತ್ತಿತ್ತು. ಮೆಕ್ಯಾನಿಕ್ ಟ್ಯಾಂಕಿನ ತಳದಿಂದ ತೆಗೆದದ್ದನ್ನು ಗಾಜಿನ ಸೀಸೆಯಲ್ಲಿ ಸ್ವಲ್ಪ ಹೊತ್ತು ಇಟ್ಟಾಗ ಮೇಲೆ ಪೆಟ್ರೋಲ್, ಕೆಳಗೆ ನೀರು ಹೀರಿದ ಎಥನಾಲ್ ಎಂದು ಎರಡು ಪದರ ಬೇರ್ಪಟ್ಟು, ನಡುವಿನ ಗೆರೆ ಕಣ್ಣಿಗೆ ಕಾಣುತ್ತಿತ್ತು. ಪಂಪ್ ಎಳೆದುಕೊಳ್ಳುತ್ತಿದ್ದದ್ದು ಆ ಕೆಳಪದರವನ್ನೇ. ಟ್ಯಾಂಕ್ ಖಾಲಿ ಮಾಡಿಸಿ ಹೊಸ ಪೆಟ್ರೋಲ್ ಹಾಕಿಸುವುದೊಂದೇ ದಾರಿ.

ಉತ್ತರ 3: ಮೇಲಿನವರ ಮಾತನ್ನು ಒಪ್ಪುತ್ತೇನೆ, ಒಂದು ವಿಷಯ ಸೇರಿಸಬೇಕು. ದುಬಾರಿ ಪೆಟ್ರೋಲ್‌ನಲ್ಲಿ ಆಕ್ಟೇನ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು, ಇದ್ದರೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಸ್ವಚ್ಛವಾಗಿಡುವ ಡಿಟರ್ಜೆಂಟ್. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಅದು ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯಲಾರದು, ಏಕೆಂದರೆ ಪೆಟ್ರೋಲ್ ಅವುಗಳ ಮೇಲೆ ಹರಿಯುವುದೇ ಇಲ್ಲ. ಸೀಮೆಎಣ್ಣೆ ಬೆರೆತಿದ್ದರೆ ಆಕ್ಟೇನ್ ಇಳಿದು ತಮ್ಮ ಕಾರಿನಂತೆಯೇ ನಾಕಿಂಗ್ ಬರುತ್ತದೆ, ಹೊಗೆ ಮತ್ತು ಮಸಿಯೂ ಹೆಚ್ಚುತ್ತವೆ. ಆದರೂ ಬಂಕನ್ನು ದೂರುವ ಮೊದಲು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಕೂಲಂಟ್ ಪರೀಕ್ಷಿಸಿ, ಏಕೆಂದರೆ ಎಂಜಿನ್ ಅತಿಯಾಗಿ ಬಿಸಿಯಾದರೂ ಇದೇ ಸದ್ದು ಬರುತ್ತದೆ. ಟ್ಯಾಂಕ್ ಮುಗಿಯುತ್ತಾ ಬಂದಾಗ ಹಳೆಯ ಬಂಕಿನಲ್ಲೇ ಕೈಪಿಡಿ ಹೇಳಿದ ಆಕ್ಟೇನ್ ತುಂಬಿಸಿ, ಅದೇ ಏರಿನಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಪೆಟ್ರೋಲೇ ಇರಬೇಕು. ನಡುವೆ ಎಂಜಿನ್ ದೀಪ ಮಿನುಗತೊಡಗಿದರೆ ಮಾತ್ರ ಪರೀಕ್ಷೆ ಮುಂದುವರಿಸದೆ ಕಾರು ನಿಲ್ಲಿಸಿ. ಉರಿಯದೆ ಹೊರಬೀಳುವ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಲ್ಲದು.