ಪದ್ಮನಾಭಪುರವೋ ಮೈಸೂರೋ, ಯಾವ ಅರಮನೆಯ ಒಳಾಂಗಣ ಮೇಲು?

ಪೆರ್ಲದವ: ಪದ್ಮನಾಭಪುರ ಅರಮನೆ ನೋಡಿ ಬಂದೆ. ಪೂಮುಖದಲ್ಲಿ, ಅಂದ್ರೆ ಎದುರಿನ ಪ್ರವೇಶ ಮಂಟಪದಲ್ಲಿ, ನಿಂತು ತಲೆ ಎತ್ತಿದ್ರೆ ಮರದ ಮುಚ್ಚಿಗೆಯಲ್ಲಿ 90 ಹೂ ಕೆತ್ತಿದ್ದುಂಟು, ಒಂದರ ಹಾಗೆ ಇನ್ನೊಂದಿಲ್ಲ. ರಾಜರು ಮಂತ್ರಾಲೋಚನೆ ಮಾಡ್ತಿದ್ದ ಮಂತ್ರಶಾಲೆ ಕಿಟಕಿಗೆ ಬಣ್ಣದ ಅಭ್ರಕ, ಹೊರಗೆ ಬಿಸಿಲು ಸುಡ್ತಿದ್ರೂ ಒಳಗೆ ತಂಪು. ನಮ್ಮ ಕೇರಳದ ಆಚಾರಿಗಳ ಕೈಕೆಲಸ. ಇದರೆದುರು ಮೈಸೂರು ಅರಮನೆ ಬರೀ ಬಣ್ಣ.

ಬದಿಯಡ್ಕ ಮಾಷ್ಟ್ರು: ಬರೀ ಬಣ್ಣವಾ? ಅಲ್ಲಿಯ ಖಾಸಗಿ ದರ್ಬಾರ್ ಹಾಲ್ ಅಂಬಾವಿಲಾಸದಲ್ಲಿ ಬೀಟೆ ಮರಕ್ಕೆ ದಂತ ಕೂರಿಸಿದ ಬಾಗಿಲುಂಟಲ್ಲ, ಗಣಪತಿ ಗುಡಿದು, ಅದರ ಬಳ್ಳಿ ಕೆಲಸ ಹತ್ತಿರ ಹೋಗಿ ನೋಡಿದವ ಹಾಗೆ ಹೇಳುದಿಲ್ಲ. ಕಲ್ಯಾಣ ಮಂಟಪ ನೋಡಿ, ಎಂಟು ಮೂಲೆ, ಮೇಲಿನ ಗಾಜಲ್ಲಿ ಪೂರಾ ನವಿಲು.

ಪೆರ್ಲದವ: ಆ ಗಾಜಿನ ಕೆಳಗಿನ ಕಂಬ ಎಲ್ಲಿದ್ದು ಹೇಳಿ ಮಾಷ್ಟ್ರೆ. ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ. ಪ್ಲಾನ್ ಹಾಕಿದ್ದು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್.

ಕುಂಬಳೆ ಅಕ್ಕ: ಕಬ್ಬಿಣ ಯಾಕೆ ಅಂತ ಗೊತ್ತುಂಟಾ? 1897ರಲ್ಲಿ ರಾಜಕುಮಾರಿ ಮದುವೆ ಹೊತ್ತಿಗೆ ಹಳೇ ಮರದ ಅರಮನೆ ಸುಟ್ಟು ಹೋಯ್ತು, ಪುನಃ ಬೆಂಕಿ ಹಿಡೀಬಾರ್ದು ಅಂತ ಕಲ್ಲು, ಇಟ್ಟಿಗೆ, ಕಬ್ಬಿಣ ಹಾಕಿ 1912ಕ್ಕೆ ಮುಗಿಸಿದ್ರು. ಅದಿರ್ಲಿ, "ನಮ್ಮ ಕೇರಳ" ಎಂತದ್ದು? ಪದ್ಮನಾಭಪುರ ಇರುದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ.

ಪೆರ್ಲದವ: ಇರುದು ಅಲ್ಲಿ, ನೋಡಿಕೊಳ್ಳುದು ಕೇರಳ ಸರ್ಕಾರ. ಕಟ್ಟಿಸಿದ್ದು ತಿರುವಾಂಕೂರಿನ ರಾಜರು.

ಕುಂಬಳೆ ಅಕ್ಕ: 1956 ನವೆಂಬರ್ 1ಕ್ಕೆ ಆ ಊರು ಮದ್ರಾಸ್ ರಾಜ್ಯಕ್ಕೆ ಹೋಯ್ತು, ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಬಂತು. ಊರು ಹೋದ್ರೂ ಅರಮನೆ ಅವರ ಕೈಯಲ್ಲೇ ಉಳೀತು. ನಮಗೆ ಎಂತ ಉಳೀತು?

ಮಂಜೇಶ್ವರದ ಹುಡುಗ: ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಗಡಿ ಆಯೋಗದ ಮಹಾಜನ್ ವರದಿ 1967ರಲ್ಲೇ ಹೇಳಿದೆ!!

ಪೆರ್ಲದವ: ಅರಮನೆ ವಿಷಯದಲ್ಲಿ ಮಹಾಜನ್ ವರದಿ ಎಂತಕ್ಕೆ ಮಾರಾಯಾ?

ಮಂಜೇಶ್ವರದ ಹುಡುಗ: ಕೇರಳದ ಹೆಸರು ಮೊದಲು ತಂದದ್ದು ಯಾರು?

ಬದಿಯಡ್ಕ ಮಾಷ್ಟ್ರು: ಇಬ್ಬರೂ ಸುಮ್ಮನಿರಿ. ಪ್ಲಾನ್ ಇರ್ವಿನ್ ಹಾಕಿರ್ಬಹುದು, ನವಿಲಿನ ಚಿತ್ರ ಬರೆದದ್ದು ಮೈಸೂರಿನ ಕಲಾವಿದರು. ಅದೇ ಮಂಟಪದ ಗೋಡೆಯಲ್ಲಿ ದಸರಾ ಮೆರವಣಿಗೆಯ ಚಿತ್ರಗಳುಂಟು, ಆನೆ, ಕುದುರೆ, ಜನ, ಎಲ್ಲ ನಮ್ಮವರೇ ಬರೆದದ್ದು.

ಪೆರ್ಲದವ: ಚಿತ್ರ ನಿಮ್ಮದು, ಕಂಬ ಅವರದ್ದು. ಪದ್ಮನಾಭಪುರದಲ್ಲಿ ನೆಲ ಕೂಡ ಅಲ್ಲಿಯವರೇ ಮಾಡಿದ್ದು, ಸುಟ್ಟ ತೆಂಗಿನ ಕರಟ, ಸುಣ್ಣ, ಮೊಟ್ಟೆ ಬಿಳಿ ಹಾಕಿ ಉಜ್ಜಿದ ಕರಿ ನೆಲ, ಇವತ್ತಿಗೂ ಮುಖ ಕಾಣ್ತದೆ.

ಕುಂಬಳೆ ಅಕ್ಕ: 1956ರದ್ದಕ್ಕೆ ಉತ್ತರ ಬರ್ಲಿಲ್ಲ.

ಪೆರ್ಲದವ: ನಾನು ಕೇಳಿದ್ದು ಕಂಬದ್ದು ಅಕ್ಕ, ಮೊದಲು ಅದಕ್ಕೆ ಹೇಳಿ.